ಕಾದ ಎಂಜಿನ್ನಿನ ನಿದಾನ

ಈ ತಿಂಗಳು ಮೂರು ತಾಲೂಕುಗಳಿಂದ ಮೂರು ಪತ್ರಗಳು ನಮ್ಮ ಕೈಸೇರಿರುವುವು. ಬರೆದವರಲ್ಲಿ ಒಬ್ಬರು ಆಳಂದದ ಕಿರಾಣಿ ವ್ಯಾಪಾರಿಗಳು. ಇನ್ನೊಬ್ಬರು ಜೇವರ್ಗಿ ಸೀಮೆಯಲ್ಲಿ ಒಕ್ಕಲುತನ ಮಾಡುವವರು. ಮತ್ತೊಬ್ಬರು ಅಫಜಲಪುರ ತಾಲೂಕಿನ ಹಳ್ಳಿಯೊಂದರ ಶಿಕ್ಷಕರು. ಒಬ್ಬರಿಗೊಬ್ಬರ ಪರಿಚಯವಿಲ್ಲದಿದ್ದರೂ ಮೂವರೂ ಕೇಳಿರುವ ಪ್ರಶ್ನೆ ಒಂದೇ: ‘ನಮ್ಮ ಗಾಡಿಯ ಎಂಜಿನ್ನು ಅತಿಯಾಗಿ ಕಾಯುತ್ತದೆ, ಏನು ಮಾಡತಕ್ಕದ್ದು?’ ಅಷ್ಟೇ ಅಲ್ಲ, ಮೂವರೂ ಈವರೆಗೆ ಮಾಡಿಕೊಂಡು ಬಂದಿರುವ ಚಿಕಿತ್ಸೆಯೂ ಒಂದೇ. ಕಾದಾಗ ನಿಲ್ಲಿಸುವುದು, ನೀರು ಹೊಯ್ಯುವುದು, ಮುಂದಕ್ಕೆ ನಡೆಯಿಸುವುದು.

ಪತ್ರಗಳನ್ನು ಎರಡೆರಡು ಸಲ ಓದಿದ ಮೇಲೆ ನಮಗೆ ತೋರಿದುದೇನೆಂದರೆ, ಗಾಡಿಗಳ ಮೈಯ ಕಾವು ಒಂದೇ ಆಗಿದ್ದರೂ ಅವುಗಳ ರೋಗ ಒಂದೇ ಅಲ್ಲ. ಆಳಂದದ ಗಾಡಿ ನಿಂತಾಗ ಕಾಯುವುದು. ಜೇವರ್ಗಿಯದು ಓಡುವಾಗ ಕಾಯುವುದು. ಅಫಜಲಪುರದ ಗಾಡಿಯಲ್ಲಿ ದಿನದಿನಕ್ಕೂ ನೀರು ಕಾಣೆಯಾಗುವುದು. ಇವು ಮೂರೂ ಬೇರೆ ಬೇರೆ ಮಾತುಗಳು. ಬೇರೆ ಬೇರೆ ಉತ್ತರಗಳನ್ನು ಬೇಡುವುವು.

ಆಯುರ್ವೇದದಲ್ಲಿ ರೋಗನಿರ್ಣಯದ ಪ್ರಸಿದ್ಧ ಗ್ರಂಥವನ್ನು ರಚಿಸಿದ ಮಾಧವಕರನು ರೋಗಗಳ ಸಾಲಿನಲ್ಲಿ ಜ್ವರಕ್ಕೆ ಮೊದಲ ಸ್ಥಾನವನ್ನು ಕೊಟ್ಟಿರುವನು. ಅದಕ್ಕಿಂತ ಮುಂಚೆ ರೋಗವನ್ನು ಅರಿಯುವ ಐದು ಬಗೆಗಳನ್ನು ಹೇಳಿರುವನು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಎಂದರೆ ರೋಗದ ಕಾರಣ, ಅದರ ಮುನ್ಸೂಚನೆ, ಪ್ರಕಟವಾದ ಲಕ್ಷಣ, ಪ್ರಯೋಗಮಾಡಿ ನೋಡಿದಾಗ ಕಾಣುವ ಹಿತಾಹಿತ, ದೇಹದೊಳಗೆ ರೋಗವು ಬೆಳೆದು ಬಂದ ಕ್ರಮ. ಮೈ ಸುಡುವುದನ್ನು ಕಂಡೊಡನೆ ತಣ್ಣೀರು ಸುರಿಯುವವನನ್ನು ಯಾರೂ ವೈದ್ಯನೆನ್ನರು. ಆದರೆ ಗಾಡಿಯ ವಿಷಯದಲ್ಲಿ ನಾವೆಲ್ಲರೂ ಮಾಡುತ್ತಿರುವುದು ಅದನ್ನೇ. ನೀರು ಹೊಯ್ಯುವುದಕ್ಕೆ ಮೊದಲು, ಹಿಂದೆ ಹೊಯ್ದ ನೀರು ಎಲ್ಲಿಗೆ ಹೋಯಿತು ಎಂದು ಕೇಳತಕ್ಕದ್ದು. ಈ ಲೇಖನದ ತಿರುಳು ಇಷ್ಟೇ. ಉಳಿದುದೆಲ್ಲ ಇದರ ವಿಸ್ತಾರ.

ತಣಿಸುವ ಕ್ರಮ

ಎಂಜಿನ್ನಿನ ಒಳಗೆ ಇಂಧನವು ಉರಿಯುವಾಗ ಅಲ್ಲಿಯ ಅನಿಲದ ಉಷ್ಣತೆಯು ಕ್ಷಣಮಾತ್ರಕ್ಕೆ 2,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು. ಈಗಿನ ಎಂಜಿನ್ನುಗಳ ತಲೆಯ ಭಾಗವನ್ನು ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನಿಂದ ಎರೆಯುವರು. ಶುದ್ಧ ಅಲ್ಯೂಮಿನಿಯಮ್ಮು 660 ಡಿಗ್ರಿಯಲ್ಲಿ ಕರಗುವ ಲೋಹ. ಹೀಗಿದ್ದೂ ಎಂಜಿನ್ನು ಕರಗದೆ ಉಳಿಯುವುದು ಅದರ ಗೋಡೆಗಳ ಸುತ್ತ ಹರಿಯುವ ನೀರಿನಿಂದ. ಸುಟ್ಟ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಗಾಡಿಯನ್ನು ಎಳೆಯುವುದಕ್ಕೆ ಒದಗುವುದು. ಒಂದು ಪಾಲು ಹೊಗೆಯ ಕೊಳವೆಯಿಂದ ಹೊರಗೆ ಹೋಗುವುದು. ಇನ್ನೊಂದು ಪಾಲಿನಷ್ಟು ಕಾವನ್ನು ನೀರೇ ಹೊತ್ತು ಹೊರಗೆ ಹಾಕಬೇಕು.

ನೀರಿನ ಪ್ರಯಾಣ ಹೀಗಿರುವುದು. ವಾಟರ್ ಪಂಪು ನೀರನ್ನು ಎಂಜಿನ್ನಿನೊಳಕ್ಕೆ ನೂಕುವುದು. ಕಾದ ನೀರು ಮೇಲಿನ ರಬ್ಬರು ಕೊಳವೆಯಿಂದ ರೇಡಿಯೇಟರಿಗೆ ಬರುವುದು. ಅಲ್ಲಿ ತೆಳುವಾದ ಕೊಳವೆಗಳಲ್ಲಿ ಇಳಿಯುವಾಗ ಹೊರಗಿನ ಗಾಳಿಗೆ ಕಾವನ್ನು ಒಪ್ಪಿಸಿ, ಕೆಳಗಿನ ಕೊಳವೆಯಿಂದ ಮರಳಿ ಪಂಪನ್ನು ಸೇರುವುದು. ಎಂಜಿನ್ನು ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಒಂದು ಬಾಗಿಲು ನಡುವೆ ಇರುವುದು. ಇದಕ್ಕೆ ಥರ್ಮೋಸ್ಟಾಟು ಎಂದು ಹೆಸರು. ಅದರೊಳಗಿನ ಮೇಣವು ಸುಮಾರು 80ರಿಂದ 90 ಡಿಗ್ರಿಯಲ್ಲಿ ಕರಗಿ ಹಿಗ್ಗಿದಾಗ ಬಾಗಿಲು ತಾನಾಗಿ ತೆರೆಯುವುದು.

ಇದರ ಮೇಲೆ ಒಂದು ಮುಚ್ಚಳ ಉಂಟು. ಅದರ ಮಹಿಮೆಯನ್ನು ಅಡುಗೆಮನೆಯ ಕುಕ್ಕರನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿದಷ್ಟೂ ನೀರು ಕುದಿಯುವುದು ತಡವಾಗುವುದು. ಹೊರಗಿನ ಗಾಳಿಯ ಒತ್ತಡದ ಮೇಲೆ ಅಷ್ಟೇ ಹೆಚ್ಚಿನ ಒತ್ತಡ ಒಳಗಿದ್ದರೆ, ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ತಾಳಿಕೊಳ್ಳುವುದು. ಆದಕಾರಣ ಮುಚ್ಚಳದ ರಬ್ಬರು ಸವೆದರೆ, ಬೇರೆ ಯಾವ ದೋಷವಿಲ್ಲದಿದ್ದರೂ ಗಾಡಿ ಕುದಿಯುವುದುಂಟು. ಅಲ್ಪ ಬೆಲೆಯ ಈ ಮುಚ್ಚಳವನ್ನು ಮೊದಲು ನೋಡದೆ ರೇಡಿಯೇಟರನ್ನೇ ಬದಲಿಸಿದವರನ್ನು ನಾವು ಕಂಡಿರುವೆವು.

ನೀರು ಹೊಯ್ಯುವ ಅಭ್ಯಾಸ ನಮಗೆ ಎಲ್ಲಿಂದ ಬಂದಿತು ಎಂಬುದನ್ನೂ ಹೇಳಬೇಕು. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಹಕ್ಕುಪತ್ರ ಪಡೆದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿಯೇ ಎಂಜಿನ್ನನ್ನು ತಣಿಸುತ್ತಿತ್ತು. ಹೋದಷ್ಟು ನೀರನ್ನು ದಾರಿಯಲ್ಲಿ ತುಂಬುವುದು ಅನಿವಾರ್ಯವಾಗಿತ್ತು. 1901ರ ಮರ್ಸಿಡಿಸ್ ಗಾಡಿಗಾಗಿ ವಿಲ್‌ಹೆಲ್ಮ್ ಮೈಬಾಕ್ ಜೇನುಗೂಡಿನಂತಹ ರೇಡಿಯೇಟರನ್ನು ರಚಿಸಿದ ಮೇಲೆ ಅದೇ ನೀರನ್ನು ಮತ್ತೆ ಮತ್ತೆ ತಿರುಗಿಸುವುದು ಸುಲಭವಾಯಿತು. ನಮ್ಮ ದೇಶದಲ್ಲಿ 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಗಾಡಿಯ ಕಾಲದಲ್ಲಿ ಡಬ್ಬಿಯಲ್ಲಿ ನೀರು ಕಟ್ಟಿಕೊಂಡೇ ಮನೆ ಬಿಡುತ್ತಿದ್ದರು. ಆ ಕಾಲಕ್ಕೆ ಅದು ಸರಿಯಾದ ಪದ್ಧತಿ. ಈಗಿನ ಗಾಡಿಗಳ ನೀರಿನ ಕಟ್ಟು ಮುಚ್ಚಿದ ಕಟ್ಟು. ಅದರಲ್ಲಿ ತಿಂಗಳುಗಟ್ಟಲೆ ಹನಿ ನೀರೂ ಕಡಿಮೆಯಾಗಬಾರದು. ಕಡಿಮೆಯಾಯಿತೆಂದರೆ ಎಲ್ಲಿಯೋ ಬಿರುಕು ಬಿಟ್ಟಿದೆ ಎಂದೇ ಅರ್ಥ.

ದಾರಿಯಲ್ಲಿ ಕಾದರೆ

ರೋಗನಿರ್ಣಯಕ್ಕೆ ಮೊದಲು ಪ್ರಥಮೋಪಚಾರ. ಕಲಬುರಗಿ ಜಿಲ್ಲೆಯ ಬೇಸಗೆಯಲ್ಲಿ ನೆರಳಿನಲ್ಲಿಯೇ 42–43 ಡಿಗ್ರಿ ಕಾವು ಇರುವುದು ವಿರಳವಲ್ಲ. ಕಾವಿನ ಮುಳ್ಳು ನಡುವಣ ಗೆರೆಯನ್ನು ದಾಟಿ ಏರತೊಡಗಿದರೆ ಕೂಡಲೇ ಏ.ಸಿ.ಯನ್ನು ಆರಿಸಿ, ಚಳಿಗಾಲದಲ್ಲಿ ಬಿಸಿಗಾಳಿ ಬಿಡುವ ಹೀಟರನ್ನು ಪೂರ್ತಿ ತೆರೆಯತಕ್ಕದ್ದು. ಒಳಗೆ ಕುಳಿತವರು ಬೆವರುವರು, ನಿಜ. ಆದರೆ ಹೀಟರೂ ಒಂದು ಸಣ್ಣ ರೇಡಿಯೇಟರೇ ಆದುದರಿಂದ ಎಂಜಿನ್ನಿಗೆ ಅಷ್ಟು ಭಾರ ಇಳಿಯುವುದು. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ, ಕೆಂಪು ದೀಪ ಹತ್ತಿದರೆ, ಅಥವಾ ಬೊನೆಟ್ಟಿನಿಂದ ಉಗಿ ಎದ್ದರೆ, ಮತ್ತೆ ವಿಚಾರವಿಲ್ಲ: ರಸ್ತೆಯ ಬದಿಗೆ ಸರಿದು ಎಂಜಿನ್ನನ್ನು ನಿಲ್ಲಿಸಬೇಕು. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪ ಮಾತ್ರ ಇರುವುದು. ಅಂಥವರು ದೀಪವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಇನ್ನೊಂದು ಮಾತು. ನೀರು ಪೂರ್ತಿ ಸೋರಿಹೋದಾಗ ಕಾವನ್ನು ಅಳೆಯುವ ಸಾಧನಕ್ಕೆ ನೀರೇ ತಾಗದೆ, ಏರಿದ ಮುಳ್ಳು ಒಮ್ಮೆಲೇ ಇಳಿಯಲೂಬಹುದು. ಅದನ್ನು ಗುಣವಾಯಿತೆಂದು ತಿಳಿಯಬಾರದು.

ನಿಲ್ಲಿಸಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಮುಚ್ಚಳಕ್ಕೆ ಕೈ ಹಚ್ಚಕೂಡದು. ಒತ್ತಡದಲ್ಲಿರುವ ನೀರು ಮುಚ್ಚಳ ತೆರೆದ ಕ್ಷಣವೇ ಕುದಿದು ಚಿಮ್ಮುವುದು; ಮುಖ, ಕಣ್ಣು, ಎದೆ ಸುಡುವುವು. ಸೀಟಿ ಇಳಿಯದ ಕುಕ್ಕರನ್ನು ತೆರೆಯದ ನಮ್ಮ ಹೆಣ್ಣುಮಕ್ಕಳ ವಿವೇಕ ಗಂಡಸರಿಗೆ ದಾರಿಯಲ್ಲಿ ಇರುವುದಿಲ್ಲ. ಮೇಲಿನ ರಬ್ಬರು ಕೊಳವೆಯನ್ನು ಬಟ್ಟೆಯ ಮೇಲಿನಿಂದ ಮುಟ್ಟಿ ನೋಡಿ, ಅದು ಮೆತ್ತಗಾಗಿ ಆರಿದ್ದರೆ, ದಪ್ಪ ಬಟ್ಟೆಯನ್ನು ಹಾಕಿ ಮುಚ್ಚಳವನ್ನು ಸ್ವಲ್ಪವೇ ತಿರುವಿ ಉಳಿದ ಉಗಿಯನ್ನು ಬಿಡಬೇಕು. ಆಮೇಲೆ ತೆರೆದು, ನೀರನ್ನು ನಿಧಾನವಾಗಿ ತುಂಬಬೇಕು. ಕಾದ ಲೋಹಕ್ಕೆ ತಣ್ಣೀರು ಒಮ್ಮೆಲೇ ತಾಗಿದರೆ ಬಿರುಕು ಬಿಡುವ ಭಯವುಂಟು. ಕೀಲಿ ತೆಗೆದಿದ್ದರೂ ಕೆಲವು ಗಾಡಿಗಳಲ್ಲಿ ಫ್ಯಾನು ತಾನಾಗಿ ತಿರುಗುವುದು. ಬೆರಳನ್ನು ಅದರ ಹತ್ತಿರ ಒಯ್ಯಬಾರದು.

ನಮ್ಮ ಹಳೆಯ ಶಿಷ್ಯನೊಬ್ಬನು ಮದುವೆಯ ಬೀಗರನ್ನು ಕೂಡಿಸಿಕೊಂಡು ಹೋಗುವಾಗ ರಬ್ಬರು ಕೊಳವೆಯೊಂದು ಒಡೆಯಿತು. ಹಿರಿಯರು ನಿಲ್ಲಿಸೆಂದರು. ಅವನು ‘ಊರು ನಾಕು ಕಿಲೋಮೀಟರ್ ಅದ ಕಾಕಾ, ಹ್ಯಾಂಗರೆ ಮಾಡಿ ಮುಟ್ಟಸ್ತೀನಿ’ ಎಂದು ನಡೆಯಿಸಿದನು. ಮುಟ್ಟಿಸಿದನು ಕೂಡ. ಮರುದಿನ ಗಾಡಿಯನ್ನು ಬಿಚ್ಚಿದ ಮಿಸ್ತ್ರಿ ನಮಗೆ ಹೇಳಿದ ಮಾತು ಇದು: ‘ನಿಂತಿದ್ರ ಒಂದು ಪೈಪಿನ ಕೆಲಸ ಇತ್ತರಿ ಮಾಸ್ತರ್ರೇ. ನಡಸಿದ್ದಕ್ಕ ಎಂಜಿನ್ನೇ ಹೋತು.’ ಅಲ್ಯೂಮಿನಿಯಮ್ಮು ಕಾವಿಗೆ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುವ ಲೋಹ. ಮಿತಿಮೀರಿ ಕಾದ ತಲೆಭಾಗ ಸೊಟ್ಟಗಾಗಿ ಕೆಳಗಿನ ಭಾಗದೊಡನೆ ಕೂಡದೆ ಹೋಯಿತು. ಆ ವರ್ಷದ ತೊಗರಿಯ ಹಣ ಅದಕ್ಕೇ ಸಂದಿತು.

ಆಳಂದದ ಪತ್ರ: ನಿಂತಾಗ ಕಾಯುವುದು

ಆಳಂದದ ವ್ಯಾಪಾರಿಗಳು ಬರೆದಿರುವ ಪ್ರಕಾರ, ಕಲಬುರಗಿಯಿಂದ ಊರಿಗೆ ಸುಮಾರು 40 ಕಿಲೋಮೀಟರು ಬರುವವರೆಗೆ ಮುಳ್ಳು ನಡುವೆಯೇ ಇರುವುದು. ಊರೊಳಗೆ ಬಂದು ಸಂತೆಯ ದಟ್ಟಣೆಯಲ್ಲಿ ಅಥವಾ ಲಾಡ್ಲೆ ಮಶಾಕರ ದರ್ಗಾದ ಉರುಸಿನ ಜನಸಂದಣಿಯಲ್ಲಿ ನಿಂತರೆ ಹತ್ತೇ ನಿಮಿಷದಲ್ಲಿ ಏರುವುದು. ಈ ಒಂದು ವಾಕ್ಯದಲ್ಲಿಯೇ ರೋಗದ ಹೆಸರು ಅಡಗಿರುವುದು. ಓಡುವಾಗ ರೇಡಿಯೇಟರಿನ ಮೂಲಕ ಗಾಳಿ ತಾನಾಗಿ ನುಗ್ಗುವುದು. ನಿಂತಾಗ ಗಾಳಿಯನ್ನು ಎಳೆಯತಕ್ಕದ್ದು ಫ್ಯಾನು. ಓಡುವಾಗ ಸುಖ, ನಿಂತಾಗ ದುಃಖ ಎಂದರೆ ಫ್ಯಾನಿನ ಮೇಲೆ ಮೊದಲ ಸಂಶಯ.

ಪರೀಕ್ಷೆ ಸುಲಭ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಎಂಜಿನ್ನು ನಡೆಯುತ್ತಿರುವಾಗ ಏ.ಸಿ.ಯನ್ನು ಹಾಕಿರಿ. ಬಹುತೇಕ ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸನ್ನು ನೋಡತಕ್ಕದ್ದು, ಆಮೇಲೆ ರಿಲೇ, ಅದರ ಮೇಲೆ ತಂತಿಯ ಕೂಡುವಿಕೆ, ಕಡೆಗೆ ಫ್ಯಾನಿನ ಮೋಟಾರು. ಏ.ಸಿ. ಹಾಕಿದಾಗ ಫ್ಯಾನು ತಿರುಗಿ, ಎಂಜಿನ್ನು ಕಾದಾಗ ಮಾತ್ರ ತಿರುಗದಿದ್ದರೆ, ಮೋಟಾರು ಸರಿಯಾಗಿದ್ದು, ಕಾವನ್ನು ತಿಳಿಸುವ ಸೆನ್ಸರು ಅಥವಾ ಅದರ ತಂತಿ ಕೆಟ್ಟಿರಬಹುದು. ಕಾಳುಕಡಿ ತುಂಬಿದ ಮನೆಯ ಹತ್ತಿರ ಗಾಡಿ ನಿಲ್ಲಿಸುವವರು ಇಲಿ ಕಡಿದ ತಂತಿಯನ್ನು ಹುಡುಕುವುದು ಒಳ್ಳೆಯದು. ಸುಟ್ಟ ಫ್ಯೂಸಿನ ಬದಲು ಅದೇ ಅಳತೆಯ ಫ್ಯೂಸನ್ನೇ ಹಾಕಬೇಕು. ದೊಡ್ಡದನ್ನು ಹಾಕುವುದು ಅಥವಾ ತಂತಿ ಸುತ್ತುವುದು ಗಾಡಿಗೆ ಬೆಂಕಿ ಹಚ್ಚುವ ದಾರಿ. ಹಳೆಯ ಬಗೆಯ ಗಾಡಿಗಳಲ್ಲಿ ಫ್ಯಾನನ್ನು ಬೆಲ್ಟು ತಿರುಗಿಸುವುದು. ಎಂಜಿನ್ನು ನಿಂತಿರುವಾಗ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿರಿ. ಅದು ಜೋಲುಬಿದ್ದಿದ್ದರೆ ಅಥವಾ ಸೀಳಿದ್ದರೆ ಅಲ್ಲಿಯೇ ಉತ್ತರ ದೊರೆಯಿತು.

ಜೇವರ್ಗಿಯ ಪತ್ರ: ಓಡುವಾಗ ಕಾಯುವುದು

ಜೇವರ್ಗಿಯವರ ಗಾಡಿ ಊರೊಳಗೆ ಶಾಂತವಾಗಿರುವುದು. ಹೇರು ಹೇರಿಕೊಂಡು ಹೆದ್ದಾರಿಯಲ್ಲಿ ವೇಗವಾಗಿ ಹೊರಟರೆ ಅರ್ಧ ಗಂಟೆಯಲ್ಲಿ ಮುಳ್ಳು ಏರುವುದು. ನೀರಿನ ಮಟ್ಟ ಮಾತ್ರ ಕಡಿಮೆಯಾಗುವುದಿಲ್ಲ. ಎಂದರೆ ಸೋರಿಕೆಯಿಲ್ಲ. ವೇಗದಲ್ಲಿ ಗಾಳಿಯೂ ಬೇಕಾದಷ್ಟು ದೊರೆಯುತ್ತಿರುವುದು. ಹಾಗಾದರೆ ರೇಡಿಯೇಟರೇ ಕಾವನ್ನು ಬಿಟ್ಟುಕೊಡಲಾರದೆ ಇರುವುದು. ಅದಕ್ಕೆ ಎರಡು ಕಾರಣಗಳು: ಹೊರಗಿನ ಕಟ್ಟು, ಒಳಗಿನ ಕಟ್ಟು.

ಹೊರಗಿನ ಕಟ್ಟು ನಮ್ಮ ಸೀಮೆಯ ಬೆಳೆಯಿಂದಲೇ ಬರುವುದು. ತೊಗರಿಯ ರಾಶಿಯ ಕಾಲದಲ್ಲಿ ಹೊಟ್ಟು, ಕಬ್ಬಿನ ಗಾಡಿಗಳ ಹಿಂದೆ ಹಾರುವ ರವದಿ, ಎರೆನೆಲದ ಧೂಳು, ದೀಪಕ್ಕೆ ಮುತ್ತುವ ಹುಳ ಇವೆಲ್ಲ ರೇಡಿಯೇಟರಿನ ರೆಕ್ಕೆಗಳ ನಡುವೆ ಸೇರಿ ಕಂಬಳಿಯಂತೆ ಹೊದೆಯುವುವು. ಏ.ಸಿ. ಉಳ್ಳ ಗಾಡಿಯಲ್ಲಿ ರೇಡಿಯೇಟರಿನ ಮುಂದೆ ಅದರ ಜಾಲರಿ ಬೇರೆ ಇರುವುದರಿಂದ ಎರಡರ ನಡುವಣ ಕಸ ಹೊರಗಿನಿಂದ ಕಣ್ಣಿಗೆ ಬೀಳುವುದಿಲ್ಲ; ಬ್ಯಾಟರಿ ಹಿಡಿದು ನೋಡಬೇಕು. ಎಂಜಿನ್ನು ಪೂರ್ತಿ ತಣಿದಾಗ, ಒಳಗಿನಿಂದ ಹೊರಕ್ಕೆ, ಮೆಲ್ಲನೆಯ ನೀರಿನ ಧಾರೆಯಿಂದ ತೊಳೆಯತಕ್ಕದ್ದು. ಗಾಡಿ ತೊಳೆಯುವ ಅಂಗಡಿಗಳ ಬಿರುಸಾದ ಧಾರೆ ತಾಗಿದರೆ ತೆಳುವಾದ ರೆಕ್ಕೆಗಳು ಮಡಚಿಕೊಂಡು ದಾರಿ ಇನ್ನಷ್ಟು ಮುಚ್ಚುವುದು.

ಒಳಗಿನ ಕಟ್ಟು ನೀರಿನಿಂದ ಬರುವುದು. ಜೇವರ್ಗಿಯ ಭೀಮಾತೀರದ ನೆಲದಲ್ಲಿ ಸುಣ್ಣಕಲ್ಲಿನ ಪದರಗಳಿರುವುವು. ನೆರೆಯ ಶಹಾಬಾದಿನ ಹೆಸರಿನಿಂದ ನಾಡಿನ ಮನೆಮನೆಗೆ ಹಾಸುಗಲ್ಲಾಗಿ ಹೋದುದು ಈ ಜಾತಿಯ ಕಲ್ಲೇ. ಆಳಂದ, ಅಫಜಲಪುರಗಳ ನೆಲವಾದರೋ ಬಹುಮಟ್ಟಿಗೆ ಲಾವಾರಸ ಆರಿ ಆದ ಕಪ್ಪು ಕಲ್ಲು. ಇಂತಹ ಕಲ್ಲುಗಳ ಸಂದಿನಲ್ಲಿ ನಿಂತು ಮೇಲಕ್ಕೆ ಬರುವ ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶವು ಕಾವು ತಾಗಿದೊಡನೆ ಕರಗದ ರೂಪವನ್ನು ತಾಳಿ ಗೋಡೆಗೆ ಹತ್ತುವುದು. ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಹಕ್ಕಳೆಯನ್ನು ನೋಡದವರಾರು? ಅದೇ ಹಕ್ಕಳೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಎಂಜಿನ್ನಿನ ಗೋಡೆಗಳಲ್ಲಿಯೂ ಕಟ್ಟಿ, ಕಾವು ದಾಟದಂತೆ ಅಡ್ಡ ನಿಲ್ಲುವುದು. ದಿನಕ್ಕೊಂದು ತಂಬಿಗೆ ಬಾವಿಯ ನೀರು ಹೊಯ್ಯುವವರು ದಿನಕ್ಕೊಂದು ಚಿಟಿಕೆ ಸುಣ್ಣವನ್ನೂ ಹಾಕುತ್ತಿರುವರು. ಗೃಹಿಣಿಯರು ಒಂದು ಸೂತ್ರವನ್ನು ನೆನಪಿನಲ್ಲಿಡಬಹುದು: ಯಾವ ನೀರಿನಲ್ಲಿ ತೊಗರಿಬೇಳೆ ಬೇಯದೋ ಆ ನೀರು ರೇಡಿಯೇಟರಿಗೂ ಸಲ್ಲದು.

ಜೇವರ್ಗಿಯವರು ಮೊದಲು ಹೊರಗಿನ ಕಸವನ್ನು ತೊಳೆದು ನೋಡಲಿ. ಇದೇ ಮಾಧವಕರನ ಉಪಶಯ. ಖರ್ಚಿಲ್ಲದ ಔಷಧವನ್ನು ಮೊದಲು ಕೊಟ್ಟು ಗುಣವನ್ನು ನೋಡುವುದು. ಗುಣ ಕಾಣದಿದ್ದರೆ ಮಿಸ್ತ್ರಿಯ ಕೈಯಿಂದ ರೇಡಿಯೇಟರಿನ ಮೈಮೇಲೆ ಕಾವನ್ನು ಅಳೆಯಿಸಬೇಕು. ಸುತ್ತಲೂ ಬಿಸಿಯಿದ್ದು ನಡುನಡುವೆ ತಣ್ಣಗಿನ ತೇಪೆಗಳಿದ್ದರೆ, ಆ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ಹಳೆಯ ಹಿತ್ತಾಳೆ-ತಾಮ್ರದ ರೇಡಿಯೇಟರುಗಳನ್ನು ಬಿಚ್ಚಿ, ಸರಳು ಆಡಿಸಿ, ಮತ್ತೆ ಬೆಸೆಯುತ್ತಿದ್ದರು. ಈಗಿನವು ಅಲ್ಯೂಮಿನಿಯಮ್ ಮತ್ತು ಪ್ಲಾಸ್ಟಿಕ್ಕಿನವು. ತೊಳೆದು ಹೋಗದಷ್ಟು ಕಟ್ಟಿದ್ದರೆ ಬದಲಿಸುವುದೇ ಮಾರ್ಗ.

ಅಫಜಲಪುರದ ಪತ್ರ: ನೀರು ಕಾಣೆಯಾಗುವುದು

ಮೂರು ಪತ್ರಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಕಲಕಿದುದು ಇದು. ಈ ಶಿಕ್ಷಕರು ತಮ್ಮ ವೃದ್ಧ ತಾಯಿಯವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್ ಚಿಕಿತ್ಸೆಗಾಗಿ ಕಲಬುರಗಿಗೆ ಕರೆದೊಯ್ಯುವರು. ಗಾಡಿಯನ್ನು ಅದಕ್ಕಾಗಿಯೇ ಕೊಂಡಿರುವರು. ಪ್ರತಿದಿನ ಬೆಳಿಗ್ಗೆ ಅರ್ಧ ಲೀಟರಿನಷ್ಟು ನೀರು ಹೊಯ್ಯಬೇಕಾಗುವುದು. ಗಾಡಿಯ ಕೆಳಗೆ ನೆಲ ಮಾತ್ರ ಒಣಗಿಯೇ ಇರುವುದು. ‘ನೀರು ಹಾಕಿದರೆ ಹೋಗಿಬರುತ್ತದೆ, ಬೇಸಗೆ ಕಳೆಯುವವರೆಗೆ ಹೀಗೆಯೇ ನಡೆಯಿಸಬಹುದೇ?’ ಎಂದು ಕೇಳಿರುವರು. ನಡೆಯಿಸಬಾರದು ಎಂಬುದೇ ನಮ್ಮ ಉತ್ತರ. ಕಾರಣವನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದಾಗಿ, ಎಂಜಿನ್ನು ತಣ್ಣಗಿರುವಾಗ ನೀರಿನ ಟ್ಯಾಂಕಿಯ ಮೇಲೆ ಮಟ್ಟವನ್ನು ಗುರುತು ಮಾಡಿ, ದಿನವೂ ಅದೇ ಹೊತ್ತಿಗೆ ನೋಡಿ ಬರೆದಿಡಬೇಕು. ರಾತ್ರಿ ಗಾಡಿಯ ಕೆಳಗೆ ಬಿಳಿಯ ರಟ್ಟನ್ನು ಹಾಸಿದರೆ ಹನಿ ಬಿದ್ದ ಸ್ಥಳ ತಿಳಿಯುವುದು. ರಟ್ಟು ಒಣಗಿದ್ದರೂ ಹೊರಗಿನ ಸೋರಿಕೆ ಇಲ್ಲವೆನ್ನುವಂತಿಲ್ಲ. ಕಾದ ಎಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲಿಯೇ ಆವಿಯಾಗಿ, ಬಿಳಿಯ ಅಥವಾ ಹಸುರು ಕಲೆಯನ್ನು ಬಿಡುವುದು. ರಬ್ಬರು ಕೊಳವೆಗಳ ತುದಿಯಲ್ಲಿ, ಅವನ್ನು ಬಿಗಿದ ಪಟ್ಟಿಗಳ ಸುತ್ತ, ರೇಡಿಯೇಟರಿನ ಪ್ಲಾಸ್ಟಿಕ್ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗಣ ಸಣ್ಣ ರಂಧ್ರದಲ್ಲಿ ಇಂತಹ ಕಲೆಯನ್ನು ಹುಡುಕಬೇಕು. ಪಂಪಿನ ಆ ರಂಧ್ರದಿಂದ ನೀರು ಒಸರುತ್ತಿದ್ದರೆ ಅದರ ಒಳಗಿನ ಸೀಲು ಸವೆದಿದೆ. ಗಾಡಿಯ ಒಳಗೆ ಕಾಲಬಳಿಯ ಹಾಸು ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದ್ದರೆ ಹೀಟರು ಸೋರುತ್ತಿದೆ. ಗ್ಯಾರೇಜಿನಲ್ಲಿ ಒಂದು ಕೈಪಂಪನ್ನು ಮುಚ್ಚಳದ ಜಾಗಕ್ಕೆ ಸಿಕ್ಕಿಸಿ ಒಳಗೆ ಒತ್ತಡ ಹಾಕುವರು. ಎಂಜಿನ್ನು ನಿಂತಿರುವಾಗಲೇ ಸೋರುವ ಸ್ಥಳ ಬಯಲಾಗುವುದು. ಮುಚ್ಚಳವನ್ನೂ ಅದೇ ಪಂಪಿನಿಂದ ಪರೀಕ್ಷಿಸಬಹುದು.

ಎರಡನೆಯದಾಗಿ, ಹೊರಗೆ ಎಲ್ಲಿಯೂ ಸೋರಿಕೆ ಸಿಕ್ಕದಿದ್ದರೆ ನೀರು ಒಳಕ್ಕೆ ಹೋಗುತ್ತಿದೆ ಎಂದು ತಿಳಿಯಬೇಕು. ಎಂಜಿನ್ನಿನ ತಲೆಗೂ ಮೈಗೂ ನಡುವೆ ಹೆಡ್ ಗ್ಯಾಸ್ಕೆಟ್ಟು ಎಂಬ ತೆಳುವಾದ ಹಾಳೆ ಇರುವುದು. ಬೆಂಕಿ, ನೀರು, ಎಣ್ಣೆ ಮೂರನ್ನೂ ಬೇರೆ ಬೇರೆ ಇಡುವುದು ಅದರ ಕೆಲಸ. ಅದು ಹರಿದರೆ ಮೂರೂ ಒಂದರಲ್ಲೊಂದು ಬೆರೆಯುವುವು. ಲಕ್ಷಣಗಳು ಇವು: ಎಂಜಿನ್ನು ಕಾದ ಮೇಲೆಯೂ ಹಿಂದಿನಿಂದ ಬಿಳಿಯ ಹೊಗೆ ಬಿಡದೆ ಬರುವುದು, ನೀರಿನ ಟ್ಯಾಂಕಿಯಲ್ಲಿ ಗುಳ್ಳೆಗಳು ಸತತವಾಗಿ ಏಳುವುದು, ಬೆಳಿಗ್ಗೆ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಮೇಲಿನ ಕೊಳವೆ ಕಲ್ಲಿನಂತೆ ಬಿಗಿಯುವುದು, ಎಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು. ಸಂಶಯ ಉಳಿದರೆ ಮಿಸ್ತ್ರಿಗಳ ಬಳಿ ಒಂದು ನೀಲಿ ದ್ರಾವಣ ಇರುವುದು. ನೀರಿನ ಟ್ಯಾಂಕಿಯ ಬಾಯಿಂದ ಎಳೆದ ಗಾಳಿಯನ್ನು ಅದರಲ್ಲಿ ಹಾಯಿಸಿದಾಗ ಬಣ್ಣವು ಹಳದಿಯಾದರೆ, ಬೆಂಕಿಯ ಹೊಗೆ ನೀರಿನಲ್ಲಿ ಸೇರಿರುವುದು ನಿಶ್ಚಯ. ಆಗ ತಲೆಭಾಗವನ್ನು ಬಿಚ್ಚಿ, ಅದು ಸೊಟ್ಟಗಾಗಿದೆಯೇ ಎಂದು ನೇರಪಟ್ಟಿಯಿಟ್ಟು ನೋಡಿ, ಬೇಕಾದರೆ ಸಮತಟ್ಟಾಗಿ ಉಜ್ಜಿಸಿ, ಹೊಸ ಗ್ಯಾಸ್ಕೆಟ್ಟನ್ನು ಹಾ​ಕಿಸಬೇಕು.

ಈ ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ಶಿಕ್ಷಕರು ತಾಯಿಯವರನ್ನು ಆ ಗಾಡಿಯಲ್ಲಿ ಕೂಡಿಸದಿರಲಿ. ಕೊಳವೆಯ ಸೋರಿಕೆಯಾದರೆ ಅರ್ಧ ದಿನದ ಕೆಲಸ. ಗ್ಯಾಸ್ಕೆಟ್ಟಾದರೆ ಕೆಲವು ದಿನ ಗಾಡಿ ಗ್ಯಾರೇಜಿನಲ್ಲಿ ಇರುವುದು, ಹಣವೂ ಹೋಗುವುದು. ಆ ದಿನಗಳಿಗೆ ಬಾಡಿಗೆಯ ಗಾಡಿಯನ್ನೋ ಬಂಧುಗಳ ಗಾಡಿಯನ್ನೋ ಗೊತ್ತುಮಾಡಿಕೊಳ್ಳಬಹುದು. ಆದರೆ ಡಯಾಲಿಸಿಸ್ ತಪ್ಪಿಸುವ ರೋಗವಲ್ಲ ಅದು. ವೈಶಾಖದ ಮಧ್ಯಾಹ್ನದಲ್ಲಿ, ನೆರಳಿಲ್ಲದ ಎರೆಹೊಲಗಳ ನಡುವೆ, ರೋಗಿಯಾದ ತಾಯಿಯನ್ನು ಕೂಡಿಸಿಕೊಂಡು ಉಗಿಯೇಳುವ ಗಾಡಿಯ ಪಕ್ಕದಲ್ಲಿ ಒಂದು ಗಂಟೆ ನಿಲ್ಲುವುದಕ್ಕೆ ಬೆಲೆ ಕಟ್ಟುವುದು ಹೇಗೆ? ಬೇಸಗೆ ಕಳೆಯುವವರೆಗೆ ಕಾಯುವುದಲ್ಲ. ಬೇಸಗೆಯೇ ಇದನ್ನು ಈಗಲೇ ಮಾಡಿಸಬೇಕೆಂಬುದಕ್ಕೆ ಕಾರಣ.

ಎರಡು ದುರಭ್ಯಾಸಗಳು

ಸೋರುವ ರೇಡಿಯೇಟರಿಗೆ ಅರಿಸಿನಪುಡಿ ಹಾಕುವ ಉಪಾಯವನ್ನು ಬಹಳ ಚಾಲಕರು ಬಲ್ಲರು. ಪುಡಿಯು ಸೋರುವ ರಂಧ್ರಕ್ಕೆ ಹೋಗಿ ಕೂಡುವುದು ನಿಜ. ಆದರೆ ಅದಕ್ಕೆ ಕೆಟ್ಟ ರಂಧ್ರ ಯಾವುದು, ಒಳ್ಳೆಯ ಕೊಳವೆ ಯಾವುದು ಎಂಬ ವಿವೇಕವಿಲ್ಲ; ಎರಡನ್ನೂ ಮುಚ್ಚುವುದು. ನಿರ್ಜನ ದಾರಿಯಲ್ಲಿ ಊರು ಮುಟ್ಟುವುದಕ್ಕೆ ಬೇರೆ ಗತಿಯಿಲ್ಲದಾಗ ಮಾಡಿದ್ದರೆ, ಮರುದಿನವೇ ತೊಳೆಯಿಸಿ ದುರಸ್ತಿ ಮಾಡಿಸಬೇಕು.

ಇನ್ನೊಂದು, ‘ನಮ್ಮ ಬಿಸಿಲಿನ ನಾಡಿಗೆ ಇದು ಬೇಡ’ ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು. ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿ ಕೆಲವೇ ಕಿಲೋಮೀಟರು ಹೋಗುವಷ್ಟರಲ್ಲಿ ಮುಳ್ಳು ಏರಿ, ಮೇಲಿನ ಕೊಳವೆ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ, ಈ ಬಾಗಿಲು ಮುಚ್ಚಿದಂತೆಯೇ ಸಿಕ್ಕಿಕೊಂಡಿರಬಹುದು. ಬಿಚ್ಚಿಸಿ, ಅಡುಗೆಗೆ ಬಳಸದ ಹಳೆಯ ಪಾತ್ರೆಯ ನೀರಿನಲ್ಲಿ ದಾರದಿಂದ ಇಳಿಬಿಟ್ಟು ಕಾಯಿಸಿರಿ. ನೀರು ಕುದಿಯುವಷ್ಟರಲ್ಲಿ ತೆರೆಯದಿದ್ದರೆ ಅದು ಕೆಟ್ಟಿತು. ಹೊಸದನ್ನು ಹಾಕಿಸಬೇಕೇ ಹೊರತು ಬರಿದಾಗಿ ಬಿಡಬಾರದು. ಅದಿಲ್ಲದ ಎಂಜಿನ್ನು ತಕ್ಕ ಕಾವಿಗೆ ಬರುವುದು ತಡವಾಗಿ, ಇಂಧನ ಹೆಚ್ಚು ತಿಂದು, ಬೇಗ ಸವೆಯುವುದು. ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರನ್ನು ಬಿಟ್ಟು ಅಡ್ಡದಾರಿಯಲ್ಲಿ ತಿರುಗಿ, ಕಾಯುವುದು ಮತ್ತಷ್ಟು ಹೆಚ್ಚುವುದೂ ಉಂಟು.

ಪಥ್ಯ

ಚಿಕಿತ್ಸೆಯ ಮೇಲೆ ಪಥ್ಯ. ರೇಡಿಯೇಟರಿಗೆ ಬರಿಯ ನೀರನ್ನಲ್ಲ, ಕೂಲಂಟನ್ನು ಹಾಕತಕ್ಕದ್ದು. ಅದು ಹಿಮ ಬೀಳುವ ದೇಶಗಳಿಗೆ ಮಾತ್ರ ಬೇಕಾದುದೆಂದು ಹಲವರು ತಿಳಿದಿರುವರು. ನಮ್ಮ ಸೀಮೆಗೆ ಅದರ ಉಪಕಾರ ಬೇರೆ: ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವುದು, ನೀರು ಬೇಗ ಕುದಿಯದಂತೆ ತಡೆಯುವುದು. ಗಟ್ಟಿ ಕೂಲಂಟಾದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಬಟ್ಟಿ ಇಳಿಸಿದ ನೀರನ್ನು ಬೆರೆಸುವರು. ಬೆರೆಸಿಯೇ ಮಾರುವುದೂ ಉಂಟು. ಡಬ್ಬಿಯ ಮೇಲಿನ ಬರಹವನ್ನು ಓದಿ ಹಾಕಬೇಕು. ಹಸುರು, ಕೆಂಪು, ನೀಲಿ ಎಂಬ ಬಣ್ಣವನ್ನು ನೋಡಿ ಜಾತಿಯನ್ನು ನಿರ್ಣಯಿಸಬಾರದು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಜಾತಿಯನ್ನೇ, ಹೇಳಿದ ಅವಧಿಗೆ ಬದಲಿಸಬೇಕು. ದಾರಿಯಲ್ಲಿ ಗತಿಯಿಲ್ಲದೆ ಬಾವಿಯ ನೀರು ಹೊಯ್ದಿದ್ದರೆ, ಮನೆಗೆ ಬಂದ ಮೇಲೆ ಪೂರ್ತಿ ಬಸಿಯಿಸಿ ಹೊಸದನ್ನು ತುಂಬಿಸತಕ್ಕದ್ದು. ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಅದರಿಂದಲೂ ಎಂಜಿನ್ನು ಕಾಯುವುದಾದ್ದರಿಂದ ಗಾಳಿಯನ್ನು ಬಿಡಿಸಲು ಮಿಸ್ತ್ರಿಗೆ ಹೇಳಿರಿ.

ಕೂಲಂಟಿನ ವಿಷಯದಲ್ಲಿ ಗೃಹಸ್ಥರೆಲ್ಲರೂ ಅರಿಯಬೇಕಾದ ಒಂದು ಎಚ್ಚರಿಕೆ ಉಂಟು. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮೂತ್ರಪಿಂಡಗಳನ್ನೇ ಅದು ಕೆಡಿಸುವುದು. ಬಸಿದ ಕೂಲಂಟನ್ನು ಅಂಗಳದಲ್ಲಿ ಚೆಲ್ಲಿದರೆ ನಾಯಿ, ಕರು ನೆಕ್ಕುವುವು. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಟ್ಟರೆ ಮಕ್ಕಳು ಷರಬತ್ತೆಂದು ಕುಡಿದಾರು. ಅದನ್ನು ಅದರದೇ ಡಬ್ಬಿಯಲ್ಲಿ, ಕೈಗೆಟುಕದ ಎತ್ತರದಲ್ಲಿ ಇಡಬೇಕು. ಯಾರಾದರೂ ಕುಡಿದರೆಂಬ ಸಂಶಯ ಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ, ಆ ಡಬ್ಬಿಯೊಡನೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಉಳಿದ ಪಥ್ಯ ಇಷ್ಟೇ. ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗ, ಟ್ಯಾಂಕಿಯ ಮಟ್ಟವನ್ನು ನೋಡುವುದು. ತಿಂಗಳಿಗೊಮ್ಮೆ ಕೊಳವೆಗಳನ್ನು ಒತ್ತಿ, ಉಬ್ಬಿವೆಯೇ ಬಿರಿದಿವೆಯೇ ಎಂದು ಪರೀಕ್ಷಿಸುವುದು. ತೊಗರಿಯ ರಾಶಿ ಮುಗಿದ ಮೇಲೆ ರೇಡಿಯೇಟರಿನ ಹೊರಮೈಯನ್ನು ತೊಳೆಯುವುದು. ಶಿವರಾತ್ರಿ ಕಳೆದೊಡನೆ, ಬಿಸಿಲು ಬಲಿಯುವ ಮೊದಲು, ಮುಚ್ಚಳ, ಬೆಲ್ಟು, ಫ್ಯಾನುಗಳನ್ನು ಮಿಸ್ತ್ರಿಗೆ ತೋರಿಸುವುದು. ಅವರ ಮುಂದೆ ‘ಗಾಡಿ ಕಾಯುತ್ತದೆ’ ಎಂದಷ್ಟೇ ಹೇಳದೆ, ನಿಂತಾಗಲೋ ಓಡುವಾಗಲೋ, ನೀರು ಕಡಿಮೆಯಾಗುವುದೋ ಇಲ್ಲವೋ, ಚಾಲೂ ಮಾಡಿದ ಎಷ್ಟು ಹೊತ್ತಿಗೆ ಎಂಬ ಮೂರು ಸಂಗತಿಗಳನ್ನು ಬರೆದುಕೊಂಡು ಹೋಗಿ ಹೇಳಿದರೆ ಅರ್ಧ ನಿದಾನ ಅಲ್ಲಿಯೇ ಆಗುವುದು, ಬೇಡದ ಸಾಮಾನಿಗೆ ಹಣ ತೆರುವುದೂ ತಪ್ಪುವುದು.

ಮೂವರು ವಾಚಕರೂ ತಮ್ಮ ಗಾಡಿಗಳಲ್ಲಿ ಕಂಡ ದೋಷ ಯಾವುದೆಂದು ನಮಗೆ ಬರೆಯಬೇಕು; ಅಫಜಲಪುರದ ಶಿಕ್ಷಕರು ತಮ್ಮ ತಾಯಿಯವರ ಆರೋಗ್ಯವನ್ನೂ ತಿಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಬ್ಯಾಟರಿಯ ವಿಚಾರ.